ಎಂಟು ಕೋಟಿ ಡಾಲರಿನ ದೆವ್ವದ ಮನೆಯಲ್ಲಿ ನಿದ್ದೆ ಬಂತು

ನನ್ನ ಕ್ಯಾಸೆಟ್ ಲೈಬ್ರರಿಯ ರಿಜಿಸ್ಟರಿನಲ್ಲಿ ಗಿರಾಕಿಗಳಿಗೆ ಅರ್ಥವಾಗದ ಒಂದು ಕಾಲಂ ಇತ್ತು. ಹೆಸರು, ಕ್ಯಾಸೆಟ್ ನಂಬರು, ಠೇವಣಿ, ಬಾಡಿಗೆ ಹತ್ತು ರೂಪಾಯಿ, ರಿವೈಂಡ್ ಮಾಡದೆ ತಂದರೆ ಎರಡು ರೂಪಾಯಿ ದಂಡ, ಇವನ್ನೆಲ್ಲ ಅವರ ಎದುರಿಗೇ ಬರೆಯುತ್ತಿದ್ದೆ. ಕೊನೆಯ ಕಾಲಂನಲ್ಲಿ ಮಾತ್ರ ಒಂದೇ ಅಕ್ಷರ: ‘ಬೆ’ ಇಲ್ಲವೇ ‘ಸಂ’. ದೆವ್ವದ ಸಿನಿಮಾ ಒಯ್ದವರು ಬೆಳಗ್ಗೆ ನಾನು ಷಟರ್ ಎತ್ತುವ ಮೊದಲೇ ಬಂದು ನಿಂತಿದ್ದರೆ ‘ಬೆ’. ಸಂಜೆ ಪೇಟೆಗೆ ಬಂದಾಗ ತರಕಾರಿ ಚೀಲದೊಳಗಿಂದ ತೆಗೆದುಕೊಟ್ಟರೆ ‘ಸಂ’. ನಿಜವಾಗಿ ಹೆದರಿದವರು ಅಂಥ ಕ್ಯಾಸೆಟನ್ನು ಮನೆಯಲ್ಲಿ ಇನ್ನೊಂದು ಹಗಲು ಇಟ್ಟುಕೊಳ್ಳುವುದಿಲ್ಲ. ಅರಸೀಕೆರೆಯಲ್ಲಿ 1991ರಿಂದ 2008ರವರೆಗೆ ಅಂಗಡಿ ನಡೆಸಿ ನಾನು ಕಲಿತ ಚಿತ್ರವಿಮರ್ಶೆ ಇಷ್ಟೇ.

1999ರ ಹಾಲಿವುಡ್ ಚಿತ್ರ ‘ದಿ ಹಾಂಟಿಂಗ್’ ನನ್ನ ಅಂಗಡಿಗೆ ಎರಡು ಡಿಸ್ಕಿನ ವಿಸಿಡಿಯಾಗಿ ಬಂದಿತ್ತು. ದೊಡ್ಡ ತಾರೆಯರು, ಮುಖಪುಟದಲ್ಲಿ ಭಾರಿ ಬಂಗಲೆ, ಚೆನ್ನಾಗಿಯೇ ಓಡಿತು. ಆದರೆ ಅದರ ಹೆಸರಿನ ಮುಂದೆ ಒಂದೇ ಒಂದು ‘ಬೆ’ ಇಲ್ಲ. ರೈಲ್ವೆ ಕ್ವಾರ್ಟರ್ಸಿನ ಹಿರಿಯರೊಬ್ಬರು ಮೊದಲ ಡಿಸ್ಕ್ ಮುಗಿದಾಗ ಸಿನಿಮಾವೇ ಮುಗಿಯಿತೆಂದುಕೊಂಡು ಹಿಂದಿರುಗಿಸಿದ್ದರು. “ಚೆನ್ನಾಗಿದೆ ಕಣಯ್ಯಾ, ಆ ಮನೆಯಲ್ಲಿ ಏನಿತ್ತು ಎಂದು ಕೊನೆಗೂ ಹೇಳುವುದಿಲ್ಲ, ಅದೇ ಸೊಗಸು” ಎಂದರು. ಆಗ ನಕ್ಕಿದ್ದೆ. ಈಗ ಅನ್ನಿಸುತ್ತಿದೆ, ಆ ಚಿತ್ರವನ್ನು ಸರಿಯಾಗಿ ನೋಡಿದವರು ಊರಿನಲ್ಲಿ ಅವರೊಬ್ಬರೇ.

ಕಳೆದ ತಿಂಗಳು ಮಗಳು ಅದೇ ಹೆಸರಿನ ಎರಡು ಡಿವಿಡಿ ತಂದುಕೊಟ್ಟಳು. ಒಂದು ಇದು, ಇನ್ನೊಂದು ಇದಕ್ಕೆ ಮೂಲವಾದ 1963ರ ಕಪ್ಪುಬಿಳುಪು ಚಿತ್ರ. ಎರಡಕ್ಕೂ ಆಧಾರ ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿ. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ, ಎರಡು ಗಂಟೆಗೆ ಏಳೆಂಟು ನಿಮಿಷ ಕಡಿಮೆ. ಎರಡರಲ್ಲೂ ಅದೇ ಹಿಲ್ ಹೌಸ್ ಎಂಬ ಮನೆ, ಅದೇ ನೆಲ್ ಎಂಬ ಒಂಟಿ ಹೆಂಗಸು. ಒಂದು ರಾತ್ರಿ ಒಂದರಂತೆ ನೋಡಿದೆ. ಇಂಥ ತೂಕದ ತಕ್ಕಡಿ ಸಿಗುವುದು ಅಪರೂಪ. ಎರಡು ತಟ್ಟೆಯಲ್ಲೂ ಸಾಮಾನು ಒಂದೇ, ಅಡುಗೆ ಮಾತ್ರ ಬೇರೆ. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ನೋಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಬಹುದು.

ಮೊದಲ ರಾತ್ರಿ 1999ರದ್ದು. ಅಳಿಯ ಜೋಡಿಸಿಕೊಟ್ಟಿರುವ ಸ್ಪೀಕರುಗಳನ್ನು ಪೂರ್ತಿ ತೆರೆದಿಟ್ಟೆ. ಧ್ವನಿಯ ವಿಷಯದಲ್ಲಿ ಈ ಚಿತ್ರಕ್ಕೆ ಬೆರಳು ತೋರಿಸುವಂತಿಲ್ಲ. ತಲೆಯ ಮೇಲೆ ಏನೋ ಭಾರವಾದದ್ದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದು ಹೋಗುತ್ತದೆ, ಬೆನ್ನ ಹಿಂದೆ ಮರ ನರಳುತ್ತದೆ, ಕುರ್ಚಿಯ ಕೈ ನಡುಗುತ್ತದೆ. ಹೊಸದಾಗಿ ಹೋಮ್ ಥಿಯೇಟರ್ ಕೊಂಡವರು ನೆಂಟರಿಗೆ ತೋರಿಸಲೆಂದೇ ಇದನ್ನು ನನ್ನಲ್ಲಿ ಕೇಳಿಕೊಂಡು ಬರುತ್ತಿದ್ದರು. ಈಗಲೂ ಆ ಕೆಲಸಕ್ಕೆ ಇದು ಒಳ್ಳೆಯ ಡಿಸ್ಕೇ. ಆದರೆ ನಮ್ಮ ಮನೆಯಲ್ಲಿ ಆದದ್ದು ಇಷ್ಟು: ಮನೆಯಾಕೆ ಅರ್ಧ ಗಂಟೆ ನೋಡಿ, ದಿಂಬು ತರಿಸಿಕೊಂಡು, ಸೋಫಾದ ಮೇಲೆ ನಿದ್ದೆ ಹೋದಳು. ನಡುವೆ ಕಲ್ಲಿನ ವಿಗ್ರಹಗಳು ಎದ್ದು ಬಂದಾಗಲೂ ಅವಳು ಏಳಲಿಲ್ಲ. ಚಿತ್ರದ ಕಥೆಯೇ ನಿದ್ರಾಹೀನತೆಯ ಬಗ್ಗೆ! ಡಾಕ್ಟರೊಬ್ಬ ನಿದ್ದೆ ಬಾರದವರ ಅಧ್ಯಯನವೆಂದು ಸುಳ್ಳು ಹೇಳಿ ಮೂವರನ್ನು ಆ ಬಂಗಲೆಗೆ ಕರೆಸುತ್ತಾನೆ. ಅವನಿಗೆ ನಿಜವಾಗಿ ಬೇಕಾದದ್ದು ಅವರ ಭಯದ ಅಧ್ಯಯನ. ನಮ್ಮ ಮನೆಯ ಫಲಿತಾಂಶವನ್ನು ಕಳುಹಿಸಿದ್ದರೆ ಅವನು ಮೊದಲ ದಿನವೇ ಪ್ರಯೋಗ ಕೈಬಿಡುತ್ತಿದ್ದ.

ನಿರ್ದೇಶಕ ಯಾನ್ ಡಿ ಬಾಂಟ್. ನಿಲ್ಲದೆ ಓಡುವ ಬಸ್ಸಿನ ಚಿತ್ರ ಮಾಡಿದವರು, ಆಮೇಲೆ ಸುಂಟರಗಾಳಿಯ ಚಿತ್ರ ಮಾಡಿದವರು. ಎರಡನ್ನೂ ನನ್ನ ಅಂಗಡಿಯಿಂದ ಜನ ಸವೆಯುವಷ್ಟು ಒಯ್ದಿದ್ದಾರೆ. ಅವರ ಕೈಗೆ ಸಿಕ್ಕದ್ದು ಯಾವುದೂ ಸುಮ್ಮನೆ ನಿಲ್ಲುವುದಿಲ್ಲ, ಮನೆಯೂ ನಿಲ್ಲಲಿಲ್ಲ. ಎಂಟು ಕೋಟಿ ಡಾಲರ್ ಖರ್ಚಾಗಿದೆ. ಹೊರಗಿನ ನೋಟಕ್ಕೆ ಇಂಗ್ಲೆಂಡಿನ ಹಾರ್ಲ್ಯಾಕ್ಸ್‌ಟನ್ ಮ್ಯಾನರ್ ಎಂಬ ಅರಮನೆ. ಒಳಾಂಗಣಕ್ಕೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹೋವರ್ಡ್ ಹ್ಯೂಸ್‌ರ ದೈತ್ಯ ಮರದ ವಿಮಾನವನ್ನು ಇಟ್ಟಿದ್ದ ಗುಮ್ಮಟದೊಳಗೆ ಹಾಕಿದ ಸೆಟ್. ಕೆತ್ತನೆಯ ಬಾಗಿಲು, ಆಳೆತ್ತರದ ಅಗ್ಗಿಷ್ಟಿಕೆ, ನೀರು ತುಂಬಿದ ಓಣಿ, ತಿರುಗುವ ಕನ್ನಡಿಗಳ ಕೋಣೆ. ಕಲಾ ನಿರ್ದೇಶಕ ಯುಜೀನಿಯೊ ಜನೆಟ್ಟಿ ಅದಕ್ಕೂ ಮೊದಲೇ ಆಸ್ಕರ್ ಗೆದ್ದವರು, ಕೆಲಸ ಕಣ್ಣಿಗೆ ಹಬ್ಬವೇ. ತೊಂದರೆ ಅಲ್ಲೇ. ವಿಮಾನಕ್ಕೆ ಸಾಲುವ ಹಜಾರ ಮನುಷ್ಯನ ಹೆದರಿಕೆಗೆ ಬಹಳ ದೊಡ್ಡದಾಯಿತು. ಕತ್ತಲಲ್ಲಿ ಕೈ ಚಾಚಿದರೆ ಗೋಡೆ ಸಿಗಬೇಕು. ಇಲ್ಲಿ ಕೈ ಚಾಚಿದರೆ ಪ್ರವಾಸಿ ತಾಣ ಸಿಗುತ್ತದೆ.

ಆಮೇಲೆ ಆ ಮನೆ ಕೆಲಸಕ್ಕೆ ಇಳಿಯುತ್ತದೆ. ಹಾಸಿಗೆಯ ಬಟ್ಟೆಯಡಿ ಮಗುವಿನ ಮುಖ ಮೂಡುತ್ತದೆ. ಮರದಲ್ಲಿ ಕೆತ್ತಿದ ಮಕ್ಕಳ ತಲೆಗಳು ಕಣ್ಣು ತಿರುಗಿಸುತ್ತವೆ. ಮಂಚವೇ ನೆಲ್‌ಳನ್ನು ಅಮುಕಿ ಹಿಡಿಯುತ್ತದೆ. ಚಿಮಣಿಯಿಂದ ಸಿಂಹದ ಮುಖವೊಂದು ಬೀಸಿ ಬಂದು ಒಬ್ಬನ ತಲೆಯನ್ನೇ ಹಾರಿಸುತ್ತದೆ. ಕೊನೆಗೆ ಗೋಡೆಯ ಮೇಲೆ ಚಿತ್ರಪಟವಾಗಿದ್ದ, ಆ ಮನೆಯ ಸತ್ತ ಯಜಮಾನ ಹ್ಯೂ ಕ್ರೇನ್ ಹೊಗೆಯ ರಾಶಿಯಾಗಿ ಎದ್ದು ನಿಲ್ಲುತ್ತಾನೆ. ಒಂದೊಂದೂ ಕಂಪ್ಯೂಟರಿನಿಂದ ಮಾಡಿದ ಅಂದವಾದ ಚಿತ್ರ. ಆದರೆ ಮಂಚ ಅಮುಕಿತು ಎಂದ ಮೇಲೆ ಹೆದರುವುದಕ್ಕೆ ಉಳಿದದ್ದೇನು? ಏಳಬೇಕು, ಓಡಬೇಕು, ಅಷ್ಟೇ. ಹುಲಿ ಎದುರಿಗೆ ಬಂದು ನಿಂತರೆ ಅದು ಅಪಾಯ. ಹಿತ್ತಲಿನ ಬಾಳೆ ಗಿಡದ ಹಿಂದೆ ಏನೋ ಇರಬಹುದು ಅನ್ನಿಸುವುದೇ ಬೇರೆ.

ಇದಕ್ಕೆ ನನ್ನ ಅಂಗಡಿಯ ಇನ್ನೊಂದು ಸಾಕ್ಷಿ ಇದೆ. ಒಂದೇ ಜಾಗವನ್ನು ಮತ್ತೆ ಮತ್ತೆ ರಿವೈಂಡ್ ಮಾಡಿ ನೋಡಿದರೆ ವಿಎಚ್‌ಎಸ್ ಟೇಪು ಅಲ್ಲಿ ಸವೆದು ಪರದೆಯ ಮೇಲೆ ಬಿಳಿ ಗೆರೆ ಬೀಳುತ್ತದೆ. ದೂರು ಬಂದಾಗ ನಾನೇ ಹಾಕಿ ನೋಡುತ್ತಿದ್ದೆ. ಹಾಡುಗಳಲ್ಲಿ, ಹೊಡೆದಾಟಗಳಲ್ಲಿ ಗೆರೆ ಬೀಳುವುದು ಸಹಜ. ದೆವ್ವದ ಚಿತ್ರಗಳಲ್ಲಿ ಗೆರೆ ಬೀಳುತ್ತಿದ್ದದ್ದು ದೆವ್ವ ಧುತ್ತೆಂದು ನೆಗೆಯುವ ಜಾಗದಲ್ಲಿ. ಹುಡುಗರು ಗುಂಪಾಗಿ ಕುಳಿತು, ಕಿರುಚಿ, ನಕ್ಕು, ಇನ್ನೊಮ್ಮೆ ಹಾಕು ಎನ್ನುತ್ತಿದ್ದರು. ಅದು ಕಚಗುಳಿ. ‘ಬೆ’ ಎಂದು ಬರೆಸಿಕೊಂಡ ಕ್ಯಾಸೆಟ್ಟುಗಳಲ್ಲಿ, ಯಾರೋ ಮೆಟ್ಟಿಲ ಕೆಳಗೆ ನಿಂತು ಮೇಲಿನ ಕತ್ತಲನ್ನು ನೋಡುವಂಥ ಜಾಗಗಳಿರುತ್ತಿದ್ದವಲ್ಲ, ಅಲ್ಲಿ ಟೇಪು ಹೊಸದರಂತೆ ನುಣ್ಣಗಿರುತ್ತಿತ್ತು. ಅದನ್ನು ಎರಡನೆಯ ಸಲ ನೋಡಲು ಯಾರಿಗೂ ಮನಸ್ಸಿರಲಿಲ್ಲ.

ಇಷ್ಟಾದರೂ ಈ ಚಿತ್ರವನ್ನು ನಾನು ಕ್ಷಮಿಸುತ್ತಿದ್ದೆನೇನೋ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಚಿನ್ನದ ಗಟ್ಟಿ ಇವರ ಕೈಯಲ್ಲೇ ಇತ್ತು. ನೆಲ್ ಹನ್ನೊಂದು ವರ್ಷ ಕಾಯಿಲೆಯ ತಾಯಿಯ ಸೇವೆ ಮಾಡಿದವಳು. ತಾಯಿ ಮಲಗಿದಲ್ಲಿಂದಲೇ ಗೋಡೆಗೆ ಕೋಲು ಬಡಿದು ಮಗಳನ್ನು ಕರೆಯುತ್ತಿದ್ದಳು. ಒಂದು ರಾತ್ರಿಯ ಬಡಿತಕ್ಕೆ ಉತ್ತರ ಸಿಗಲಿಲ್ಲ, ತಾಯಿ ಸತ್ತಳು. 1999ರ ಚಿತ್ರದ ಮೊದಲಲ್ಲೇ ಆ ಬಡಿತವಿದೆ. ಲಿಲಿ ಟೇಲರ್ ಎಂಬ ನಟಿ ಆ ಸದ್ದು ಕೇಳಿಸಿದಾಗ ಹೆಗಲು ಕುಗ್ಗಿಸುವ ರೀತಿ ನೋಡಿದರೆ ಸಾಕು, ಹನ್ನೊಂದು ವರ್ಷ ಅರ್ಥವಾಗುತ್ತದೆ. ಅಲ್ಲಿಂದ ಮುಂದೆ ಚಿತ್ರ ಅದನ್ನು ಮರೆತೇಬಿಡುತ್ತದೆ. ನೆಲ್‌ಗೆ ಹ್ಯೂ ಕ್ರೇನನ ಲೆಕ್ಕದ ಪುಸ್ತಕ ಸಿಗುತ್ತದೆ, ಅವನು ಮಕ್ಕಳನ್ನು ದುಡಿಸಿ ಕೊಂದದ್ದು ಗೊತ್ತಾಗುತ್ತದೆ, ತಾನು ಅವನ ಎರಡನೆಯ ಹೆಂಡತಿಯ ವಂಶದವಳೆಂದು ತಿಳಿಯುತ್ತದೆ. ದೆವ್ವಕ್ಕೆ ಹೆಸರು ಬಂತು, ವಿಳಾಸ ಬಂತು, ವಂಶವೃಕ್ಷ ಬಂತು, ಅಪರಾಧ ಸಾಬೀತಾಯಿತು. ಇನ್ನು ಅದು ಸಿವಿಲ್ ವ್ಯಾಜ್ಯ. ನೆಲ್ ಎದುರು ನಿಂತು ವಾದಿಸುತ್ತಾಳೆ, ಕ್ರೇನ್ ಸೋಲುತ್ತಾನೆ, ಮಕ್ಕಳ ಆತ್ಮಗಳು ಬೆಳಕಾಗಿ ಮೇಲೇರುತ್ತವೆ, ಅವಳೂ ಜೊತೆಗೆ ಹೋಗುತ್ತಾಳೆ. ಗೋಡೆ ಬಡಿದ ತಾಯಿ ಎಲ್ಲಿ? ಅವಳ ಸುದ್ದಿಯೇ ಇಲ್ಲ.

ಎರಡನೆಯ ರಾತ್ರಿ 1963ರದ್ದು. ನಿರ್ದೇಶಕ ರಾಬರ್ಟ್ ವೈಸ್. ಈ ಮನುಷ್ಯ ಇದರ ಹಿಂದೆ ಮುಂದೆ ಮಾಡಿದ್ದು ಹಾಡು ಕುಣಿತಗಳ ಎರಡು ಜಗದ್ವಿಖ್ಯಾತ ಚಿತ್ರಗಳನ್ನು, ಎರಡಕ್ಕೂ ಆಸ್ಕರ್. ಆದರೆ ನಿರ್ದೇಶನ ಕಲಿತದ್ದು 1940ರ ದಶಕದಲ್ಲಿ ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕರ ಕೈಕೆಳಗೆ. ಕಡಿಮೆ ದುಡ್ಡಿನಲ್ಲಿ, ನೆರಳು ತೋರಿಸಿ ಹೆದರಿಸುವ ಚಿತ್ರಗಳನ್ನು ಮಾಡಿಸುತ್ತಿದ್ದವರು ಅವರು. ಬಡತನ ಕಲಿಸಿದ ಪಾಠವನ್ನು ವೈಸ್ ದುಡ್ಡು ಬಂದ ಮೇಲೂ ಮರೆಯಲಿಲ್ಲ. ಮನೆ ವಕ್ರವಾಗಿ ಕಾಣಬೇಕೆಂದು ಪ್ಯಾನವಿಷನ್ ಕಂಪನಿಯಲ್ಲಿ ಅವರು 30 ಮಿಲಿಮೀಟರಿನ ಹೊಸ ಲೆನ್ಸ್ ಕೇಳಿದರು. ಅದಿನ್ನೂ ಸಿದ್ಧವಾಗಿಲ್ಲ, ಚಿತ್ರ ಸೊಟ್ಟಗೆ ಬರುತ್ತದೆ ಎಂದರು ಕಂಪನಿಯವರು. ನನಗೆ ಬೇಕಿರುವುದೇ ಅದು ಎಂದು ವೈಸ್, ಲೆನ್ಸಿನ ದೋಷ ತನಗೆ ಗೊತ್ತಿದೆಯೆಂದು ಸಹಿ ಹಾಕಿಕೊಟ್ಟು ತಂದರು. ಸವೆದ ಕ್ಯಾಸೆಟ್ಟಿಗೆ ದಿನವೂ ಬೈಸಿಕೊಂಡ ನನಗೆ ದೋಷವನ್ನು ಸಹಿ ಹಾಕಿ ಕೇಳಿ ಪಡೆದ ಈ ಗಿರಾಕಿ ಬಹಳ ಹಿಡಿಸಿದ.

ಇದರಲ್ಲಿ ಮೊದಲ ರಾತ್ರಿಯ ದೃಶ್ಯವೊಂದಿದೆ. ನೆಲ್ ನಿದ್ದೆಯಲ್ಲಿದ್ದಾಳೆ. ದೂರದಲ್ಲೆಲ್ಲೋ ದಢ್ ಎಂದು ಗೋಡೆ ಬಡಿದ ಸದ್ದು. ಕಣ್ಣು ತೆರೆಯುವ ಮೊದಲೇ ಅವಳು, ಬಂದೆ ಅಮ್ಮ, ಎನ್ನುತ್ತಾಳೆ. ಆಮೇಲೆ ನೆನಪಾಗುತ್ತದೆ, ಅಮ್ಮ ಇಲ್ಲ. ಸದ್ದು ನಿಲ್ಲುವುದಿಲ್ಲ. ಓಣಿಯುದ್ದಕ್ಕೂ ಒಂದೊಂದೇ ಬಾಗಿಲನ್ನು ಬಡಿಯುತ್ತ ಹತ್ತಿರ ಬರುತ್ತದೆ. ನೆಲ್, ಅವಳಂತೆಯೇ ಆ ಮನೆಗೆ ಬಂದಿರುವ ಥಿಯೋ ಎಂಬ ಹೆಂಗಸು, ಇಬ್ಬರೂ ಹೊದಿಕೆ ಸುತ್ತಿಕೊಂಡು ಅಪ್ಪಿ ಕುಳಿತಿದ್ದಾರೆ. ಕ್ಯಾಮೆರಾ ಬಾಗಿಲ ಒಳಬದಿಯನ್ನೇ ನೋಡುತ್ತದೆ. ಹಿಡಿ ನಿಧಾನಕ್ಕೆ ತಿರುಗುತ್ತದೆ. ಅಷ್ಟೇ. ಬಾಗಿಲು ತೆರೆಯುವುದಿಲ್ಲ. ಅದರಾಚೆ ಏನಿತ್ತೆಂದು ಚಿತ್ರ ಮುಗಿದರೂ ಗೊತ್ತಾಗುವುದಿಲ್ಲ. ಕೊನೆಕೊನೆಗೆ ಇನ್ನೊಂದು ಬಾಗಿಲು ಉಸಿರು ಎಳೆದಂತೆ ಒಳಕ್ಕೆ ಉಬ್ಬುತ್ತದೆ. ಅಂಟಿಸಿದ ಪದರದ ಹಲಗೆಯ ಬಾಗಿಲು ಮಾಡಿಸಿ, ಆಚೆ ಗಟ್ಟಿ ಆಳೊಬ್ಬನನ್ನು ನಿಲ್ಲಿಸಿ ಮರದ ತುಂಡಿನಿಂದ ಒತ್ತಿಸಿದ್ದರಂತೆ. ಇಲ್ಲಿ ಒಬ್ಬ ಆಳು, ಅಲ್ಲಿ ಎಂಟು ಕೋಟಿ ಡಾಲರ್.

ಮುಚ್ಚಿದ ಬಾಗಿಲು ಏನು ಮಾಡಬಲ್ಲದೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಅಂಗಡಿ ತೆರೆದ ಹೊಸತರಲ್ಲಿ, ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ನಿಮ್ಮವರ ದನಿಯಲ್ಲೇ ಕರೆಯುತ್ತದೆ, ತೆರೆದರೆ ಮುಗಿಯಿತು. ಬರಹ ಓದಿದರೆ ಹೊರಟುಹೋಗಿ ಮಾರನೆಯ ದಿನ ಬರುತ್ತದೆ, ಮತ್ತೆ ಓದುತ್ತದೆ. ನಮ್ಮ ಅಮ್ಮ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದಳು. ಒಂದು ರಾತ್ರಿ ಎರಡು ಗಂಟೆಯ ಮೇಲೆ ಬಾಗಿಲು ದಬದಬ ಬಡಿಯಿತು. “ಅಕ್ಕಾ, ನಾನು, ಬಾಗಿಲು ತೆಗೆ.” ನನ್ನ ಸೋದರಮಾವನ ದನಿ. ಅಮ್ಮ ನಮ್ಮೆಲ್ಲರ ಬಾಯಿ ಮುಚ್ಚಿಸಿ, ದೀಪವನ್ನೂ ಹಾಕದೆ, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಮಾವ ಕರೆದಷ್ಟೂ, ಅದು ಥೇಟ್ ಮಾವನ ದನಿಯೇ ಆಗಿದ್ದಷ್ಟೂ, ನಮ್ಮ ಜೀವ ಹಾರುತ್ತಿತ್ತು. “ನಿಂಗಿ ಸತ್ತ ವರ್ಷ ನಾನು ನಿನಗೆ ಐನೂರು ರೂಪಾಯಿ ಕೊಟ್ಟಿಲ್ಲವೇನೇ” ಎಂದ. ನಿಂಗಿ ಎಂದರೆ ಮನೆಯ ಎಮ್ಮೆ. ಅದು ನಮಗೆ ಮಾತ್ರ ಗೊತ್ತಿದ್ದ ವಿಷಯ. ಅಮ್ಮ ಇನ್ನಷ್ಟು ಗಟ್ಟಿಯಾಗಿ ಬಾಗಿಲಿಗೆ ಒರಗಿ, “ನಾಳೆ ಬಾ” ಎಂದಳು. ಹುಬ್ಬಳ್ಳಿ ಕಡೆಯ ರಾತ್ರಿ ರೈಲಿನಲ್ಲಿ ಬಂದಿಳಿದಿದ್ದ ಮಾವ ಬೆಳಗಿನವರೆಗೆ ಜಗಲಿಯ ಮೇಲೆ ಮುದುಡಿ ಮಲಗಿದ್ದ. ಮೂರು ದಿನ ಅಕ್ಕನ ಜೊತೆ ಮಾತು ಬಿಟ್ಟಿದ್ದ.

ಊರಲ್ಲಿ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ನಗದ ಇನ್ನೊಂದು ತುಂಡು ಇದೆ. ಕೊನೆಯ ಎರಡು ವರ್ಷ ಅಮ್ಮ ಹಾಸಿಗೆ ಹಿಡಿದಿದ್ದಳು. ಏನಾದರೂ ಬೇಕಿದ್ದರೆ ಸ್ಟೀಲ್ ಲೋಟವನ್ನು ಕಬ್ಬಿಣದ ಮಂಚಕ್ಕೆ ತಟ್ಟುತ್ತಿದ್ದಳು, ಮೂರು ಸಲ. ಅಂಗಡಿ ಮುಚ್ಚಿ ಹನ್ನೊಂದಕ್ಕೆ ಬಂದು ಮಲಗಿದ ನಾನು ಕೆಲವು ರಾತ್ರಿ ಅದನ್ನು ಕೇಳಿಸಿಕೊಂಡೂ ಕಣ್ಣು ಮುಚ್ಚಿಕೊಂಡೇ ಇದ್ದೆ. ಹೆಂಡತಿ ಎದ್ದು ಹೋಗುತ್ತಿದ್ದಳು.

ಹಾಗಾಗಿ ಆ ತೆರೆಯ ಮೇಲಿನ ನೆಲ್ ‘ಬಂದೆ ಅಮ್ಮ’ ಎಂದಾಗ ನನಗೆ ಕಂಪ್ಯೂಟರಿನ ವಿಗ್ರಹ ಬೇಕಾಗಲಿಲ್ಲ. ತಾಯಿ ಬಡಿದದ್ದು ತನಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಮಗ್ಗುಲು ಬದಲಿಸಿದೆನೋ ಎಂಬುದು ಆ ನೆಲ್‌ಗೇ ಖಚಿತವಿಲ್ಲ. ಹಿಲ್ ಹೌಸಿನಲ್ಲಿ ಬಾಗಿಲು ಬಡಿಯುವುದು ಅವಳು ಉತ್ತರ ಕೊಡದ ಆ ಬಡಿತವೇ. ಅದು ಹೊರಗಿನ ದೆವ್ವವೋ ಒಳಗಿನದೋ ಎಂದು ಚಿತ್ರ ಹೇಳುವುದಿಲ್ಲ, ನಾವು ಕೇಳುವ ಧೈರ್ಯವನ್ನೂ ಮಾಡುವುದಿಲ್ಲ. ಇನ್ನೊಂದು ರಾತ್ರಿ ಗೋಡೆಯಾಚೆ ಮಗು ಅಳುತ್ತದೆ. ನೆಲ್ ಕತ್ತಲಲ್ಲಿ ಥಿಯೋಳ ಕೈಯನ್ನು ಬಿಗಿಯಾಗಿ ಹಿಡಿದು, ಗೋಡೆಯ ಉಬ್ಬು ಚಿತ್ತಾರವನ್ನೇ ನೋಡುತ್ತಾಳೆ. ನೋಡನೋಡುತ್ತ ಅದು ಮುಖದಂತಾಗುತ್ತದೆ, ಆದರೆ ಚಿತ್ತಾರವಾಗಿಯೇ ಉಳಿಯುತ್ತದೆ. ದೀಪ ಹತ್ತಿದಾಗ ಥಿಯೋ ಕೋಣೆಯ ಆ ಕಡೆ ಇದ್ದಾಳೆ. ಹಾಗಾದರೆ ಇಷ್ಟು ಹೊತ್ತು ಹಿಡಿದಿದ್ದ ಕೈ? ನೆಲ್ ಆಗಿರುವ ನಟಿ ಜೂಲಿ ಹ್ಯಾರಿಸ್ ತನ್ನ ಕೈಯನ್ನೇ ನೋಡಿಕೊಳ್ಳುತ್ತಾರೆ. ನಾನು ನನ್ನದನ್ನು ನೋಡಿಕೊಂಡೆ.

1963ರದ್ದು ದೋಷವಿಲ್ಲದ ಚಿತ್ರವೆಂದು ನಾನು ಹೇಳುತ್ತಿಲ್ಲ. ನೆಲ್ ಮನಸ್ಸಿನೊಳಗೆ ಮಾತನಾಡಿಕೊಳ್ಳುವುದು ಅತಿಯಾಯಿತು. ಮುಖವೇ ಹೇಳಿದ್ದನ್ನು ದನಿ ಮತ್ತೆ ಹೇಳುತ್ತದೆ. ನಡುವೆ ಡಾಕ್ಟರ್ ಪಾಠ ಮಾಡುವ ಭಾಗದಲ್ಲಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಡಾಕ್ಟರನ ಹೆಂಡತಿ ಬಂದ ಮೇಲೆ ಕಥೆ ಸ್ವಲ್ಪ ಎಡವುತ್ತದೆ. ಸುರುಳಿ ಮೆಟ್ಟಿಲ ತುದಿಯ ಬಾಗಿಲಿಂದ ಅವಳ ಮುಖ ಫಕ್ಕನೆ ಹೊರಬರುವುದು ಮಾತ್ರ ಟೇಪು ಸವೆಯುವ ಜಾತಿಯ ದೃಶ್ಯ. ಆ ನಟಿ ಬಾಂಡ್ ಚಿತ್ರಗಳ ಮನಿಪೆನಿಯೇ ಎಂದು ಗುರುತು ಹತ್ತಿದ ಮೇಲೆ ಹೆದರಿಕೆ ಇನ್ನೂ ಇಳಿಯಿತು.

ದುಡ್ಡಿನ ವಿಷಯಕ್ಕೆ ಬಂದರೆ ನನ್ನ ‘ಬೆ’, ‘ಸಂ’ ಲೆಕ್ಕಕ್ಕೆ ಬೆಲೆಯಿಲ್ಲ. 1999ರ ಚಿತ್ರ ಜಗತ್ತಿನಾದ್ಯಂತ 17 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ವರ್ಷದ ಕೆಟ್ಟ ಚಿತ್ರಗಳಿಗೆ ಕೊಡುವ ರ‍್ಯಾಜಿ ಪ್ರಶಸ್ತಿಯ ಪಟ್ಟಿಯಲ್ಲೂ ಸೇರಿತು. ಅದೇ ಬೇಸಿಗೆಯಲ್ಲಿ ಮೂವರು ವಿದ್ಯಾರ್ಥಿಗಳು ಕಾಡಿನಲ್ಲಿ ದಾರಿ ತಪ್ಪುವ, ಒಂದು ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಚಿತ್ರೀಕರಿಸಿದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಬಂದು ಇದಕ್ಕಿಂತ ಹೆಚ್ಚು ಗಳಿಸಿತು. ಅದರಲ್ಲಿ ಮಾಟಗಾತಿ ಒಮ್ಮೆಯೂ ಕಾಣುವುದಿಲ್ಲ. ತಮಾಷೆಯೆಂದರೆ ರ‍್ಯಾಜಿಯವರು ಅದನ್ನೂ ಅದೇ ವರ್ಷ ಅದೇ ಪಟ್ಟಿಗೆ ಸೇರಿಸಿದ್ದರು. ಪ್ರಶಸ್ತಿಯವರಿಗಿಂತ ನನ್ನ ರಿಜಿಸ್ಟರ್ ಮೇಲು. ಆ ಕಾಡಿನ ಚಿತ್ರಕ್ಕೆ ಏಳು ‘ಬೆ’ ಬಂದಿದ್ದವು.

ಎರಡನೆಯ ರಾತ್ರಿ ಧ್ವನಿಯನ್ನು ಅರ್ಧಕ್ಕೆ ಇಳಿಸಿದ್ದೆ, ಹಳೆಯ ಚಿತ್ರ, ಏನಿರುತ್ತದೆ ಎಂದು. ಹಿಂದಿನ ರಾತ್ರಿಯ ಅನುಭವದ ಮೇಲೆ ಮನೆಯಾಕೆ ಮೊದಲೇ ಒಳಗೆ ಹೋಗಿ ಮಲಗಿದ್ದಳು. ಓಣಿಯ ಬಾಗಿಲುಗಳ ಬಡಿತ ಶುರುವಾಗಿ ಎರಡು ನಿಮಿಷವಾಗಿರಬಹುದು, ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಳು. “ಯಾರೋ ಆಗಿನಿಂದ ಬಾಗಿಲು ಬಡಿಯುತ್ತಿದ್ದಾರೆ, ನಿಮಗೆ ಕೇಳಿಸುತ್ತಿಲ್ಲವೇ?” ಸಿನಿಮಾದ ಸದ್ದು ಎಂದು ಹೇಳಿ ನಿಲ್ಲಿಸಿ ತೋರಿಸಿದೆ. ಮನೆ ಗಪ್ಪಾಯಿತು. “ಒಮ್ಮೆ ನೋಡಿ ಬನ್ನಿ, ಏನು ಹೋಗುತ್ತದೆ” ಎಂದಳು. ಎದ್ದು ಹೋದೆ. ಬಾಗಿಲು ತೆಗೆಯಲಿಲ್ಲ, ಪಕ್ಕದ ಕಿಟಕಿಯಿಂದ ಜಗಲಿಯನ್ನು ನೋಡಿ ಬಂದೆ.

ಎರಡೂ ಡಿಸ್ಕುಗಳು ನನ್ನಲ್ಲಿವೆ. ಅರಸೀಕೆರೆಯ ಹಳೆಯ ಗಿರಾಕಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಬಂದು ಒಯ್ಯಬಹುದು, ಬಾಡಿಗೆ ಇಲ್ಲ, ರಿವೈಂಡ್ ಮಾಡುವ ತೊಂದರೆಯೂ ಇಲ್ಲ. ಕಪ್ಪುಬಿಳುಪಿನದನ್ನು ಮಾತ್ರ ಮರೆಯದೆ ಹಿಂದಿರುಗಿಸಬೇಕು. ಬೆಳಗ್ಗೆ ಆರಕ್ಕೆ ನಾನು ಎದ್ದಿರುತ್ತೇನೆ. ಇನ್ನೊಂದನ್ನು ಯಾವಾಗ ಬೇಕಾದರೂ ಕೊಡಿ, ಕೊಡದಿದ್ದರೂ ನಡೆಯುತ್ತದೆ.